ಸೇತುವೆಗೆ ಮುಂಚಿನ ಸ್ಟಾಪು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ ತಂಗಿ ಕೂತಿದ್ದರು. ಅಕ್ಕ ಇದ್ದಕ್ಕಿದ್ದಂತೆ ಚೀಲ ಎತ್ತಿಕೊಂಡಳು.

“ಇಲ್ಲೇ ಇಳಿಯೋಣ.”

“ಮನೆ ಸೇತುವೆ ಆಚೆಗಲ್ವಾ? ನಿಂಗೇನಾಯ್ತು?”

“ನಮ್ಮ ಲ್ಯಾಬಿನವರು ಆ ಸೇತುವೆಗೆ ಸೆನ್ಸರ್ ಹಾಕಿದ್ವಲ್ಲ, ನಡುವಿನ ಕಂಬದ ನಡುಕ ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದೆ. ಬೆಳಿಗ್ಗೆ ನೋಡಿದ್ರೆ ಮಿತಿ ದಾಟಿತ್ತು.”

“ನಿಮ್ಮ ಪ್ರೊಫೆಸರ್ ಏನಂದ್ರು?”

“ಪ್ರಬಂಧ ಅಚ್ಚಾಗೋವರೆಗೂ ಬಾಯಿ ಬಿಡಬೇಡ, ಲೆಕ್ಕ ತಪ್ಪಿದ್ರೆ ನಗೆಪಾಟಲಾಗ್ತೀವಿ ಅಂದ್ರು.”

“ತಪ್ಪಿರಬಹುದಲ್ವಾ?”

“ತಪ್ಪು ಸಿಗಲಿ ಅಂತಾನೇ ಮತ್ತೆ ಮತ್ತೆ ಮಾಡಿ ನೋಡ್ದೆ ಕಣೇ. ಸಿಗಲಿಲ್ಲ.”

ತಂಗಿ ಹಿಂದೆ ತಿರುಗಿ ನಮ್ಮನ್ನೆಲ್ಲ ಒಮ್ಮೆ ನೋಡಿ ದನಿ ಇಳಿಸಿದಳು.

“ಹಾಗಾದ್ರೆ ಇವರೆಲ್ಲ?”

ಬಸ್ಸು ನಿಂತಿತು. ಮೆಟ್ಟಿಲ ತನಕ ಹೋದ ಅಕ್ಕ ತಿರುಗಿ ಡ್ರೈವರ್ ಹತ್ತಿರ ಬಂದಳು.

“ಅಣ್ಣಾ, ಸೇತುವೆ ಮೇಲೆ ಹೋಗಬೇಡಿ. ಅದು ಬೀಳೋ ಹಾಗಿದೆ.”

“ಯಾರಮ್ಮ ಹೇಳಿದ್ದು?”

“ನಾನೇ ಹೇಳ್ತಿದೀನಿ. ಅದನ್ನ ಅಳೆದವಳು ನಾನೇ.”

ಡ್ರೈವರ್ ಅವಳ ಮುಖವನ್ನೇ ನೋಡಿದ. ಆಮೇಲೆ ಇಂಜಿನ್ ಆರಿಸಿದ.

ಹಿಂದಿದ್ದ ಗಾಡಿಗಳು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿ ಮುಂದೆ ಹೋದವು. ಅಕ್ಕ ತಂಗಿ ಕೆಳಗಿಳಿದು, ಎರಡೂ ಕೈ ಬೀಸುತ್ತ, ಕೂಗುತ್ತ ಅವುಗಳ ಹಿಂದೆ ಸೇತುವೆ ಕಡೆಗೇ ಓಡಿದರು.