ತೀರಿಕೊಂಡರು ಅಂದಿದ್ದ ದೊಡ್ಡಪ್ಪ

“ಯಜಮಾನ್ರೇ, ಹಳೇ ಅಂಚೆ ಕಚೇರಿ ಬೀದಿಗೆ ಹೇಗೆ ಹೋಗ್ಬೇಕು?”

ಕೇಳಿದ್ದು ನನ್ನ ಚಿಕ್ಕಮ್ಮನ ಮಗಳು. ಹುಟ್ಟಿ ಬೆಳೆದ ಊರಲ್ಲೇ ದಾರಿ ತಪ್ಪಿದ್ದಳು. ಭಾಷೆ ಬಾರದ ಊರುಗಳಲ್ಲಿ ಕೈಸನ್ನೆ ಮಾಡಿ ದಾರಿ ಕೇಳಿದವಳು ನಾನು. ಎಂತೆಂಥ ಹಾಳು ಲಾಡ್ಜುಗಳಲ್ಲೋ ಒಬ್ಬಳೇ ಮಲಗಿದ್ದೇನೆ, ಒಂದು ದೆವ್ವವೂ ನನ್ನನ್ನು ಮಾತಾಡಿಸಲಿಲ್ಲ. ಊರು ಬಿಟ್ಟು ಕದಲದ ಇವಳಿಗೆ ಸಿಕ್ಕಿತು.

ಹೊಲಿಗೆ ಕಾರ್ಖಾನೆಯ ಪಾಳಿ ಮುಗಿಸಿ ಬರುತ್ತಿದ್ದಳು. ಪೈಪು ಹಾಕಲು ದೊಡ್ಡ ರಸ್ತೆ ಅಗೆದಿದ್ದರಿಂದ ಹಿಂದಿನ ಗಲ್ಲಿ ಹಿಡಿದಿದ್ದಳು. ದೀಪ ಇಲ್ಲ. ಬಾವಿಕಟ್ಟೆ ಮೇಲೆ ತಲೆಗೆ ಟವೆಲ್ ಹೊದ್ದ ಮುದುಕರೊಬ್ಬರು ಕೂತಿದ್ದರು.

“ನಾನೂ ಅಲ್ಲಿಗೇ... ಬಾ.”

ಮುಂದೆ ಅವರು, ಹಿಂದೆ ಇವಳು. ಸವೆದ ಚಪ್ಪಲಿಯ ಸದ್ದು. ಸರ್... ಚಟ್. ಸರ್... ಚಟ್. ನಡೆಯುತ್ತಾ ಅವಳಿಗೆ ಹೊಳೆಯಿತು. ಆ ಬಾವಿ ಮುಚ್ಚಿ, ಮೇಲೆ ಅಂಗಡಿ ಕಟ್ಟಿ ಎಷ್ಟೋ ಕಾಲವಾಗಿತ್ತು.

“ಯಾರ ಮನೆಗೆ ಹೊರಟಿದ್ದೀರಿ?” ಅಂದಳು, ಸುಮ್ಮನಿರಲಾರದೆ.

“ತಮ್ಮನ ಮಗಳ ಮನೆಗೆ. ಸಾಕಿದ್ದು ನಾನೇ.”

“ಇಷ್ಟು ಹೊತ್ತಿನಲ್ಲಾ?”

“ಏನ್ಮಾಡ್ಲಿ... ನಾನು ಸತ್ತಿದ್ದೀನಿ ಅಂತ ಹೇಳ್ಬಿಟ್ಟಿದ್ದಾಳೆ. ಸತ್ತವರು ಹಗಲು ಹೊತ್ತು ಬರೋಕಾಗುತ್ತಾ?”

ಯಾರೆಂದು ಅವಳಿಗೆ ಗೊತ್ತಾಯಿತು.

ಅಪ್ಪ ಹೋದ ಮೇಲೆ ಅವಳನ್ನು ಸಾಕಿದ್ದು ದೊಡ್ಡಪ್ಪ. ಆಮೇಲೆ ಕುಡಿದ ಜಗಳದಲ್ಲಿ ಒಬ್ಬನನ್ನು ಕೊಂದು ಜೈಲು ಸೇರಿದರು. ಕೊಂದದ್ದು ನಿಜ, ಅವರೇ ಒಪ್ಪಿಕೊಂಡಿದ್ದರು. ಮದುವೆಯ ಮಾತುಕತೆ ನಡೆದಾಗ ಇವಳು “ದೊಡ್ಡಪ್ಪ ತೀರಿಕೊಂಡರು” ಅಂದುಬಿಟ್ಟಳು. ಗಂಡ ನಂಬಿದ, ಅತ್ತೆ ಮರುಗಿದರು. ಈಗ, ಜೀವಾವಧಿ ಶಿಕ್ಷೆಯಲ್ಲಿ ಮುದುಕರಾದವರನ್ನು ಪೆರೋಲ್ ಮೇಲೆ ಕಳಿಸುವ ಸಾಲಿನಲ್ಲಿ ಅವರ ಸರದಿ ಬಂದಿತ್ತು. ಇಟ್ಟುಕೊಳ್ಳುತ್ತೇವೆ ಅನ್ನುವ ಒಂದು ಮನೆ ಬೇಕಿತ್ತು, ಅಷ್ಟೇ. ಹಿಂದಿನ ವಾರ ವಿಚಾರಣೆಗೆ ಬಂದ ಪೊಲೀಸನನ್ನು ಇವಳು ಗೇಟಿನಲ್ಲೇ ತಡೆದು, “ಮೆಲ್ಲಗೆ ಮಾತಾಡಿ... ನಮ್ಮಲ್ಲಿ ಜಾಗ ಇಲ್ಲ ಅಂತ ಬರ್ಕೊಳ್ಳಿ” ಅಂದಿದ್ದಳು.

ಅವಳ ಮನೆ ಬಂತು. ಮುದುಕರು ಬಾಗಿಲಿಗೆ ಒಂದು ಗೇಣು ದೂರದಲ್ಲಿ ನಿಂತರು. ಕೈ ಎತ್ತಲಿಲ್ಲ. ತಟ್ಟಲಿಲ್ಲ.

“ನೀನೇ ತೆಗಿ, ಗುಬ್ಬಿ. ಇಷ್ಟು ವರ್ಷ ಬೇರೆಯವರೇ ತೆಗ್ದು ಬೇರೆಯವರೇ ಹಾಕಿದ್ದು... ಕೈಗೆ ಮರೆತುಹೋಗಿದೆ.”

ಗುಬ್ಬಿ ಅಂತ ಕರೆಯುತ್ತಿದ್ದದ್ದು ಅವರೊಬ್ಬರೇ. ಅವಳು ಪಕ್ಕದಿಂದ ನುಸುಳಿ ಒಳಗೆ ಹೋಗಿ ಚಿಲಕ ಹಾಕಿದಳು. ಟಕ್. ಹೊರಗೆ ಉಸಿರಿನ ಸದ್ದು, ಬೆಳಗಿನವರೆಗೂ... ತಾಳ್ಮೆಯಿಂದ, ಬೈಯದೆ. ಅದನ್ನೇ ತಡೆಯಲಾಗಲಿಲ್ಲ ಅಂತಾಳೆ. ಬೈದಿದ್ದರೆ ಮಲಗುತ್ತಿದ್ದಳಂತೆ.

ಬೆಳಕು ಹರಿದಾಗ ಹೊರಗೆ ಯಾರೂ ಇಲ್ಲ. ಜೈಲಿಗೆ ಫೋನ್ ಮಾಡಿದಳು, ಸತ್ತರೆಂದೇ ತಿಳಿದು. “ಚೆನ್ನಾಗಿದ್ದಾರಮ್ಮ. ರಾತ್ರಿಯೆಲ್ಲ ಬ್ಯಾರಕ್ಕಿನ ಬಾಗಿಲ ಮುಂದೆ ನಿಂತೇ ಇದ್ರು, ಕೂರೋದಿಲ್ಲ ಅಂದ್ರು,” ಅಂದ ಪಹರೆಯವನು.

ಅವಳು ಅಡಿಗೆಮನೆಗೆ ಹೋಗಿ ಅತ್ತೆಗೆ ಎಲ್ಲ ಹೇಳಿದಳು, ನೆಲ ನೋಡುತ್ತಾ. ಅತ್ತೆ ಒಲೆ ಆರಿಸಿದರು.

“ಇಷ್ಟು ವರ್ಷ ಬದುಕಿರೋರಿಗೆ ನನ್ನ ಕೈಲಿ ಅಯ್ಯೋ ಪಾಪ ಅನ್ನಿಸಿದ್ಯಲ್ಲೇ,” ಅಂದರು. “ಆ ಮೂಲೆ ಕೋಣೆ ಗುಡಿಸು.”

ಅವಳು ಠಾಣೆಗೆ ಹೋಗಿ ಜಾಗ ಇದೆ ಅಂತ ಬರೆಸಿ ಬಂದಳು. ಮುಂದಿನ ತಿಂಗಳು ದೊಡ್ಡಪ್ಪ ಹಾಡಹಗಲಲ್ಲೇ ಬಂದರು. ಆ ದಿನ ನಾನೂ ಅಲ್ಲಿದ್ದೆ. ಬಾಗಿಲ ಮುಂದೆ ಕೈ ಇಳಿಬಿಟ್ಟು ನಿಂತರು. ಕಿಟಕಿಗಳಲ್ಲಿ ನೆರೆಯವರ ತಲೆಗಳು. ತಂಗಿ ಬಾಗಿಲನ್ನು ಪೂರ್ತಿ ತೆಗೆದು, ಬೀದಿಗೆಲ್ಲ ಕೇಳುವ ಹಾಗೆ, “ಬನ್ನಿ ದೊಡ್ಡಪ್ಪ” ಅಂದಳು. ಮುಖ ಕೆಂಪಾಗಿತ್ತು, ದನಿ ನಡುಗಲಿಲ್ಲ.

ಆ ಸಂಜೆ ಕರೆಂಟು ಹೋಯಿತು. ಆ ಮನೆಗೆ ಅಂದೇ ಮೊದಲು ಕಾಲಿಟ್ಟಿದ್ದ ದೊಡ್ಡಪ್ಪ ಎದ್ದು, ಕತ್ತಲಲ್ಲಿ ಯಾರಿಗೂ ತಾಗದೆ ಒಳಗೆ ಹೋಗಿ, ಬೀರುವಿನ ಹಿಂದೆ ಬಿದ್ದಿದ್ದ ಟಾರ್ಚ್ ತಂದು ಅತ್ತೆಯ ಕೈಗಿಟ್ಟರು. ಅದು ಕಳೆದೇಹೋಯಿತೆಂದು ಮನೆಯವರು ಹುಡುಕುವುದನ್ನೇ ಬಿಟ್ಟಿದ್ದರು.

ಯಾವ ದೆವ್ವವೂ ಮಾತಾಡಿಸದ ನಾನು ಅಲ್ಲೇ ಕೂತಿದ್ದೆ. ಬೆಳಕು ಮೊದಲು ಬಿದ್ದದ್ದು ನನ್ನ ಮುಖದ ಮೇಲೆ.