ಮಂಜಿನೊಳಗಿನ ಚಪ್ಪಾಳೆ

ನಾನು ಗ್ಲೆನಿಸ್ ರಶ್‌ವರ್ತ್, ವಯಸ್ಸು ಇಪ್ಪತ್ತು, ಬಿಸ್ಕತ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ವಾಸ 14, ಕೋಪ್ಲಿ ಸ್ಟ್ರೀಟ್, ಬಾರ್ನ್ಸ್‌ಲಿ, ಯಾರ್ಕ್‌ಶೈರ್. ನನ್ನ ಅಣ್ಣ ನೆವಿಲ್ ಕಲ್ಲುಕ್ವಾರಿಗೆ ಬಿದ್ದ ವಿಚಾರವಾಗಿ ಈ ಮೂಲಕ ತಿಳಿಸುವುದೇನೆಂದರೆ,

ದಿನಾಂಕ 14-12-1975ರ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು, ನೆವಿಲ್ ಮತ್ತು ಅವನ ಗೆಳೆಯ ಕ್ಲೈವ್ ಆಗ್ಡನ್, ಕ್ಲೈವ್‌ನ ವ್ಯಾನಿನಲ್ಲಿ ಲ್ಯಾಂಕಶೈರಿಗೆ, ಅಮೆರಿಕದ ಸೋಲ್ ಸಂಗೀತ ಹಾಕಿ ಹಗಲಿಡೀ ನಡೆಸುವ ಕುಣಿತಕ್ಕೆ ಹೊರಟೆವು. ಬೆಟ್ಟದಲ್ಲಿ ಹಿಮ ಬೀಳುತ್ತಿದೆ, ಈ ವಾರ ಬೇಡ ಎಂದು ಅಮ್ಮ ಹೇಳಿದ್ದಳು. ಹಿಂದಿನ ಸಲ ಬಸ್ ಕೆಟ್ಟು ರಾತ್ರಿಯಿಡೀ ನಡೆದೇ ಮನೆ ಸೇರಿದ್ದೆವು. ನೆವಿಲ್ ಕೇಳಲಿಲ್ಲ. ವಾರವೆಲ್ಲ ಕಲ್ಲಿದ್ದಲು ಸುರಂಗದಲ್ಲಿ ಬಗ್ಗಿ ಇರುವವನು ಭಾನುವಾರವಾದರೂ ನೆಟ್ಟಗೆ ನಿಲ್ಲಬೇಡವೇ ಎಂದನು.

ಸುಮಾರು ಒಂಬತ್ತೂವರೆಗೆ ಬೆಟ್ಟದ ಮೇಲೆ ವ್ಯಾನು ಜಾರಿ ಚರಂಡಿಗೆ ಇಳಿಯಿತು. ಮಂಜು ದಟ್ಟವಾಗಿತ್ತು. ಕೆಳಗೆ ಹೋಗಿ ಫೋನ್ ಮಾಡಿ ಬರುತ್ತೇನೆಂದು ನೆವಿಲ್ ಇಳಿದನು. ಅವನ ಕಾಲಲ್ಲಿ ಕುಣಿತದ ಶೂ ಇತ್ತು. ಗಿರ್ರನೆ ತಿರುಗಲು ಅದರ ಚರ್ಮದ ಅಡಿಯನ್ನು ಉಜ್ಜಿ ಗಾಜಿನ ಹಾಗೆ ಮಾಡಿರುತ್ತಾರೆ. ಕುಣಿತದ ಹಾಲ್ ತಲುಪುವಷ್ಟರಲ್ಲಿ ಚರ್ಮ ಬೆಚ್ಚಗಾಗಿ ಪಳಗಲಿ ಎಂದು ಮನೆಯಿಂದಲೇ ಹಾಕಿಕೊಂಡಿದ್ದನು.

"ಬೂಟ್ ಹಾಕ್ಕೊಳ್ಳೋ, ಜಾರುತ್ತೆ" ಅಂದೆ.

"ಬಾಯ್ಮುಚ್ಕೊಂಡು ಸ್ಯಾಂಡ್‌ವಿಚ್ ತಿನ್ನೇ. ಈ ಶೂನಲ್ಲಿ ನಾನು ಯಾವತ್ತಾದ್ರೂ ಬಿದ್ದಿದ್ದೀನಾ?" ಅಂದನು.

ನಿಜಕ್ಕೂ ಬಿದ್ದಿರಲಿಲ್ಲ. ಮೂವತ್ತು ಗಜ ಹೋಗಿರಬೇಕು, ಜಾರಿದ ಸದ್ದು ಕೇಳಿತು. ಆಮೇಲೆ ಕಲ್ಲುಗಳು ಉರುಳುವ ಸದ್ದು. ಬಹಳ ಹೊತ್ತು ಉರುಳಿದವು.

ಕ್ಲೈವ್ ಸಹಾಯಕ್ಕೆ ಓಡಿದನು. ನಾನು ಮೊಣಕಾಲೂರಿ ತೆವಳಿಕೊಂಡು ಹಳೇ ಕ್ವಾರಿಯ ಅಂಚಿಗೆ ಬಂದೆ. ಕೆಳಗೆ ಬರೀ ಬಿಳುಪು. ಎಷ್ಟು ಕೂಗಿದರೂ ಉತ್ತರವಿಲ್ಲ. ಏನು ಮಾಡಬೇಕೆಂದು ತೋಚದೆ ಹಾಡಿದೆ. ಸೋಲ್ ಕುಣಿಯುವ ನಮ್ಮವರಲ್ಲಿ ಒಂದೊಂದು ಹಾಡಿಗೂ ಒಂದು ಜಾಗವಿದೆ, ಅಲ್ಲಿ ಇಡೀ ಹಾಲ್ ಒಂದೇ ಚಪ್ಪಾಳೆ ತಟ್ಟುತ್ತದೆ. ಆ ಜಾಗಕ್ಕೆ ಬಂದು ನಿಲ್ಲಿಸಿದೆ. ಕೆಳಗಿನಿಂದ ತಟ್ಟಿದ ಸದ್ದು ಬಂತು. ಸರಿಯಾದ ಜಾಗಕ್ಕೆ. ನಾನು ಅತ್ತುಬಿಟ್ಟೆ.

ಅದನ್ನೇ ಮತ್ತೆ ಮತ್ತೆ ಹಾಡಿದೆ, ಅವನು ತಟ್ಟಿದನು. ಬಹಳ ಹೊತ್ತಿನ ಮೇಲೆ ಕ್ಲೈವ್‌ನ ಜೊತೆ ಕುರಿ ಸಾಕುವ ಮಿ. ಅಕ್ರಾಯ್ಡ್ ಹಗ್ಗ ಹಿಡಿದು ಬಂದರು. ಫೋನ್ ಮಾಡಿಯಾಗಿದೆ, ಪೊಲೀಸರು ಬರುವವರೆಗೆ ಇಳಿಯುವುದು ಬೇಡ, ಈ ಮಂಜಿನಲ್ಲಿ ಎರಡು ಹೆಣ ಎತ್ತಬೇಕಾಗುತ್ತದೆ ಎಂದರು. ನಾನು ಹಾಡಿದೆ. ಈ ಸಲ ತಟ್ಟಿದ್ದು ತಡವಾಗಿ ಬಂತು. ಕ್ಲೈವ್ ನನ್ನ ಮುಖ ನೋಡಿದನು.

"ತಟ್ಟಿದ್ನಲ್ಲಮ್ಮ, ಬದುಕಿದಾನೆ" ಎಂದರು ಅಕ್ರಾಯ್ಡ್.

"ಇಲ್ಲ ಸ್ವಾಮಿ" ಎಂದನು ಕ್ಲೈವ್. "ನೆವಿಲ್ ನಿದ್ದೆಗಣ್ಣಲ್ಲಿದ್ರೂ ತಪ್ಪಿ ತಟ್ಟೋನಲ್ಲ. ಅವನು ಹೋಗ್ತಾ ಇದಾನೆ."

ಅಕ್ರಾಯ್ಡ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡರು. ಆ ಸದ್ದು ಬಂದ ಕಡೆಗೇ ಇಳಿದರು. ಮುಂದಿನ ಸಲ ನಾನು ನಿಲ್ಲಿಸಿದಾಗ ಕೆಳಗಿನಿಂದ ಏನೂ ಬರಲಿಲ್ಲ. ಅಷ್ಟು ಹೆದರಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಅವನು ಒಂದು ಬಂಡೆಯ ಅಂಚಿನಲ್ಲಿದ್ದನು, ಒಂದು ಕಾಲು ಹೊರಗೆ ನೇತಾಡುತ್ತಿತ್ತು ಎಂದು ಅಕ್ರಾಯ್ಡ್ ಆಮೇಲೆ ಹೇಳಿದರು. ಬಲಗೈ ಮುರಿದಿತ್ತು. ಅಷ್ಟು ಹೊತ್ತೂ ಎಡಗೈಯಿಂದ ತನ್ನ ಕೆನ್ನೆಗೇ ಹೊಡೆದುಕೊಂಡಿದ್ದನು. ಹಗ್ಗದಿಂದ ಮೇಲೆತ್ತಿ ತಂದಾಗ ಆ ಕೆನ್ನೆ ಊದಿ ಕೆಂಪಗಾಗಿತ್ತು.

ಆಂಬುಲೆನ್ಸ್‌ನಲ್ಲಿ ಕಣ್ಣು ಬಿಡಲಿಲ್ಲ, ಕರೆದರೆ ಓಗೊಡಲಿಲ್ಲ. ನಾನು ಅವನ ಕಿವಿಯ ಹತ್ತಿರ ಹಾಡಿದೆ. ಪಕ್ಕದಲ್ಲಿದ್ದ ಆಂಬುಲೆನ್ಸಿನವರು, ಪಾಪ, ಧೈರ್ಯ ಬರಲಿ ಎಂದು ತಾವೂ ಒಂದು ಚಪ್ಪಾಳೆ ತಟ್ಟಿದರು. ತಪ್ಪು ಜಾಗದಲ್ಲಿ. ನೆವಿಲ್‌ನ ಹುಬ್ಬು ಗಂಟಿಕ್ಕಿತು.

"ಯಾರೇ ಅದು... ಇಳಿಸು ಅವನ್ನ" ಎಂದನು.

ಪೊಲೀಸರು ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು ಇಷ್ಟೇ, ಎಲ್ಲವೂ ನಿಜ.

ಸ್ಥಳ: ಆಸ್ಪತ್ರೆ, ಹಡರ್ಸ್‌ಫೀಲ್ಡ್
ದಿನಾಂಕ: 14-12-1975
ಸಹಿ: ಗ್ಲೆನಿಸ್ ರಶ್‌ವರ್ತ್