ವೆಂಕಟರತ್ನ ಆಡಿದ ಫೈನಲ್

ಹಾಡಾ? ಅಯ್ಯೋ, ನನಗೆ ಬರಲ್ಲ ಸತ್ಯಮೂರ್ತಿಯವರೇ! ಬರುತ್ತೆ ಅಂತ ಅಮ್ಮ ನಿಮ್ಮ ತಾಯಿಗೆ ಹೇಳಿರಬೇಕು... ಹೆಣ್ಣು ನೋಡೋಕೆ ಬಂದವರ ಹತ್ರ ಎಲ್ಲಾ ಅಮ್ಮಂದಿರೂ ಹಾಗೇ ಹೇಳ್ತಾರೆ. ಜೋರಾಗಿ ನಗಬೇಡಿ, ಒಳಗೆ ಜಾತಕ ನೋಡ್ತಿದಾರೆ, ಕೇಳಿಸುತ್ತೆ! ಉಪ್ಪಿಟ್ಟು ತಿನ್ನಿ.

ಹಾಡಿನ ಬದಲು ಒಂದು ವಿಷಯ ಹೇಳಲಾ? ವೆಂಕಟರತ್ನ ಅಂತ ನನ್ನ ಸ್ನೇಹಿತೆ. ಈ ಶಿಡ್ಲಘಟ್ಟದವಳೇ. ಬೆಂಗಳೂರಲ್ಲಿ ಬಿ.ಎ. ಓದುವಾಗ ಒಂದೇ ಹಾಸ್ಟೆಲ್ಲು, ಒಂದೇ ರೂಮು. ಬ್ಯಾಸ್ಕೆಟ್ ಬಾಲ್ ಆಡ್ತಿದ್ದಳು... ಯಾಕೆ ಹುಬ್ಬೇರಿಸ್ತೀರಿ? ಹೆಣ್ಣುಮಕ್ಕಳೂ ಆಡ್ತಾರಪ್ಪ! ನಿಮ್ಮ ಚಿಂತಾಮಣಿಗೆ ಇನ್ನೂ ಸುದ್ದಿ ಬಂದಿಲ್ವಾ?

ಚಿಕ್ಕವಳಿದ್ದಾಗ ಹಿತ್ತಲ ಹುಣಸೆಮರಕ್ಕೆ ಹಳೇ ಪೀಪಾಯಿಯ ಕಬ್ಬಿಣದ ಬಳೆ ಕಟ್ಟಿ, ಬಟ್ಟೆ ಚೆಂಡು ಎಸೀತಿದ್ದಳು. ಅವರಜ್ಜಿ "ಏಮಿಟೇ ಇದಿ, ಏನೇ ಇದು!" ಅಂತ ತೆಲುಗು ಕನ್ನಡ ಎರಡರಲ್ಲೂ ಬೈಕೊಂಡು ಪೊರಕೆ ಹಿಡ್ಕೊಂಡು ಬರೋರು. ಸಿಕ್ಕಿದರೆ ತಾನೇ!

ಅರವತ್ತೊಂದನೇ ಇಸವಿ, ಹೋದ ಡಿಸೆಂಬರು. ಕಾಲೇಜು ಹುಡುಗಿಯರ ಪಂದ್ಯ, ಫೈನಲ್. ಒಂದು ಆಟದಲ್ಲಿ ಒಬ್ಬಳೇ ಮೂವತ್ತು ಪಾಯಿಂಟು ಮಾಡಿದ್ದೇ ಅಲ್ಲೀತನಕ ದಾಖಲೆ. ಇವಳು ಅರ್ಧ ಆಟಕ್ಕೇ ಇಪ್ಪತ್ತನಾಲ್ಕು! ಎದುರಿನವರು ಮೂರು ಜನ ಸುತ್ತುವರಿದರು. ಜಡೆ ಹಿಡಿದೆಳೆದರು. ಕಾಂಪೌಂಡ್ ಮೇಲೆ ಕೂತ ಹುಡುಗರು "ಒಂಟೆ, ಒಂಟೆ" ಅಂತ ಕೂಗೋರು... ಎತ್ತರ ಇದ್ದಳು ನೋಡಿ. ಮೂವತ್ತೆರಡಾಯ್ತು, ಕೂಗು ನಿಂತೋಯ್ತು. ಮೂವತ್ತಾರಕ್ಕೆ ಅವರೇ ಎದ್ದು ಚಪ್ಪಾಳೆ!

ಆದ್ರೂ ನಾವು ಒಂದು ಪಾಯಿಂಟು ಹಿಂದೆ. ಸೀಟಿ ಊದೋಕೆ ಇನ್ನು ಹತ್ತೇ ಸೆಕೆಂಡು. ಮಂಡಿ ತರಚಿ ರಕ್ತ... ನಮ್ಮ ತಂಡದ ಶ್ಯಾಮಲ ಬಾಲು ಎಸೆದಳು, ಕೈಗೆ ಬಂತು, ಉಸಿರೇ ಇಲ್ಲ... ಯಾರ ಮುಖಾನೂ ನೋಡಲಿಲ್ಲ, ಹಾರಿದೆ, ಬಿಟ್ಟೆ...

ಹಾರಿದಳು. ಹಾರಿದಳು ಅಂದೆ.

ತಟ್ಟೆ ಯಾಕೆ ಕೆಳಗಿಟ್ಟಿರಿ?

ಏನಾದ್ರೂ ಅನ್ನಿ. ಆಗಲೇ ಅಷ್ಟು ನಗ್ತಿದ್ರಲ್ಲ!

...ಸರಿ. ವೆಂಕಟರತ್ನ ಅಂತ ಯಾರೂ ಇಲ್ಲ. ನಾನೇ. ಈ ಪಂಕಜಾನೇ. ಹೋದ ಸಲ ಬಂದ ಗಂಡಿನವರು ವಿಷಯ ಕೇಳಿದ್ದೇ ಎದ್ದು ಹೋದರು. ಇನ್ನು ಬಾಯಿಬಿಡಕೂಡದು ಅಂತ ಅಮ್ಮ ಆಣೆ ಹಾಕಿಸ್ಕೊಂಡಿದಾರೆ. ಆದ್ರೆ ರಾಜ್ಯ ತಂಡಕ್ಕೆ ಕರೆದಿದಾರೆ, ಸೋಮವಾರದಿಂದ ಮೈಸೂರಲ್ಲಿ ಕ್ಯಾಂಪು. ಹೋಗ್ತೀನಿ. ಮದುವೆ ಆದಮೇಲೂ ಆಡ್ತೀನಿ. ಬೇಡ ಅನ್ನಿಸಿದರೆ ಈಗಲೇ ಹೇಳಿಬಿಡಿ, ನಾನೇನೂ ಅಳಲ್ಲ...

ಏನಂದ್ರಿ? ಮೆತ್ತಗೆ ಹೇಳಿದರೆ ಹೇಗೆ ಕೇಳಿಸುತ್ತೆ?

ಬಾಲು ಬಿತ್ತಾ ಅಂತಲಾ?

ಬಿತ್ತು ಸತ್ಯಮೂರ್ತಿಯವರೇ... ಬಿತ್ತು!